ಅಪ್ಪನ ಬ್ಯಾಟ್ರಿ

ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಟಾರ್ಚ್ ಅನ್ನುವವರು ಕಡಿಮೆ. ಅದು ಬ್ಯಾಟ್ರಿ. ಒಳಗೆ ಹಾಕುವುದು ಶೆಲ್ಲು. ‘ಬ್ಯಾಟ್ರಿ ಬುಡ್ಲಾ’ ಅಂದರೆ ಬೆಳಕು ಬಿಡು ಅಂತ. ನಾನು ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ಸ್ ಬೋರ್ಡುಗಳ ರಿಪೇರಿ ಮಾಡುತ್ತೇನೆ. ದಿನವಿಡೀ ಎಲ್‌ಇಡಿ, ಐಸಿ, ಆಂಪ್, ವೋಲ್ಟ್ ಅಂತ ಮಾತಾಡುವವನು ಪಾಂಡವಪುರ ಸ್ಟೇಷನ್ನಿನಲ್ಲಿ ರೈಲಿಳಿದ ಮೇಲೆ ಬ್ಯಾಟ್ರಿ ಅಂತಲೇ ಅನ್ನುತ್ತೇನೆ.

ಡಿಸೆಂಬರಿನ ಒಂದು ಭಾನುವಾರ ಬೆಳಗಿನ ಜಾವ ಅವ್ವ ಫೋನ್ ಮಾಡಿದಳು. ‘ನಿಮ್ಮಪ್ಪ ರಾತ್ರಿ ಹಾವು ತುಳ್ದೇಬುಡ್ತಿತ್ತು ಕಣ್ಲಾ. ಬಂದು ನೀನಾದ್ರೂ ಒಸಿ ಹೇಳು’ ಅಂದಳು. ಏನು ಹೇಳುವುದು? ರಾತ್ರಿ ಹೊತ್ತು ಗದ್ದೆಗೆ ಹೋಗಬೇಡ ಅನ್ನೋಣವೆಂದರೆ ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ. ನಮ್ಮ ಜಮೀನು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ್ದು. ನಾಲೆಯಲ್ಲಿ ನೀರು ನಿಂತರೆ ಕಬ್ಬಿಗೆ ಬೋರ್‌ವೆಲ್ಲೇ ಗತಿ. ರಾತ್ರಿ ಹನ್ನೊಂದಕ್ಕೆ ಕರೆಂಟು ಬಂದರೆ ಹನ್ನೊಂದಕ್ಕೇ ಎದ್ದು ಹೋಗಿ ಮೋಟರು ಹಾಕಬೇಕು, ಒಂದು ಸಾಲು ನೆಂದ ಮೇಲೆ ಇನ್ನೊಂದು ಸಾಲಿಗೆ ನೀರು ತಿರುಗಿಸಬೇಕು. ಮಂಡ್ಯ ಜಿಲ್ಲೆಯಲ್ಲಿ ಇದು ಮನೆಮನೆಯ ಪಾಡು.

ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಡೆದದ್ದು ಇಷ್ಟು. ಬದುವಿನ ಮೇಲೆ ಕಬ್ಬಿನ ತರಗು ಬಿದ್ದಿತ್ತು. ಬ್ಯಾಟ್ರಿ ಬಿಟ್ಟುಕೊಂಡೇ ನಡೆಯುತ್ತಿದ್ದ. ಒಂದು ಕಾಲು ಎತ್ತಿದ್ದಾನೆ, ಮುಂದಿಡಬೇಕು, ಅಷ್ಟರಲ್ಲಿ ಕುಕ್ಕರಿನ ಆವಿ ನುಗ್ಗಿದ ಹಾಗೆ ಬುಸ್ಸೆಂದ ಸದ್ದು. ಹಾಗೇ ಹಿಂದಕ್ಕೆ ಸರಿದ. ಕೊಳಕುಮಂಡಲ. ಬೆಳಕು ಬಿದ್ದ ಜಾಗದಲ್ಲೇ, ಒಂದು ಮೊಳದ ದೂರದಲ್ಲಿ ಸುತ್ತಿಕೊಂಡು ಮಲಗಿತ್ತು.

‘ಕಾಣ್ಲಿಲ್ಲ ಕಣ್ಲಾ ಮಗ. ಬ್ಯಾಟ್ರಿ ಅದ್ರ ಮ್ಯಾಲೇ ಬುಟ್ಟಿದ್ದೆ. ಕಾಣ್ಲಿಲ್ಲ.’

ಆ ಬ್ಯಾಟ್ರಿ ಎರಡು ವರ್ಷದ ಹಿಂದೆ ನಾನೇ ತಂದುಕೊಟ್ಟದ್ದು. ಮೈಸೂರಿನ ಅಂಗಡಿಯೊಂದರಲ್ಲಿ 350 ರೂಪಾಯಿ. ಡಬ್ಬಿಯ ಮೇಲೆ 50,000 ಲ್ಯೂಮೆನ್ ಅಂತ ಅಚ್ಚು ಹಾಕಿದ್ದರು. ಲ್ಯೂಮೆನ್ ಅಂದರೆ ಬೆಳಕಿನ ಅಳತೆ. ಅದು ಸುಳ್ಳೆಂದು ಅವತ್ತೇ ಗೊತ್ತಿತ್ತು. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ 150 ಲ್ಯೂಮೆನ್ ಕೊಟ್ಟರೂ 50,000ಕ್ಕೆ 330 ವಾಟ್ ಬೇಕು. ಹೆಚ್ಚುಕಡಿಮೆ ಅರ್ಧ ಎಚ್‌ಪಿ ಮೋಟರು ತಿನ್ನುವಷ್ಟು ಕರೆಂಟು, ಹೆಬ್ಬೆರಳು ಗಾತ್ರದ ಒಂದು ಸೆಲ್ಲಿನಿಂದ! ಸುಳ್ಳಾದರೂ ಬೆಳಕು ಜೋರಾಗಿದೆಯಲ್ಲ, ಅಪ್ಪನ ಕೆಲಸಕ್ಕೆ ಸಾಕು ಅಂದುಕೊಂಡಿದ್ದೆ. ಅಪ್ಪ ಮಾತ್ರ ಮೊದಲ ದಿನದಿಂದಲೂ ಒಂದೇ ಮಾತು: ‘ಹಳೇ ಎವರೆಡಿನೇ ವಾಸಿ. ಇದು ಬೆಳ್ಳಗೆ ಹೊಡೀತದೆ ಅಷ್ಟೇಯ. ಏನೂ ಕಾಣಕ್ಕಿಲ್ಲ.’ ವಯಸ್ಸಾಯಿತು, ಕಣ್ಣು ತೋರಿಸಬೇಕು ಅಂತ ನಾನು ತಳ್ಳಿಹಾಕುತ್ತಲೇ ಬಂದಿದ್ದೆ. ಕಣ್ಣೂ ತೋರಿಸಿದ್ದೆವು. ಪೊರೆ ಗಿರೆ ಏನೂ ಇರಲಿಲ್ಲ.

ಅವತ್ತು ಮಧ್ಯಾಹ್ನ ಕಾಳು ತುಂಬುವ ಕತ್ತಲೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡೆ. ನೆಲಕ್ಕೆ ಒಂದು ಹಿಡಿ ಕಬ್ಬಿನ ತರಗು ಹರಡಿ, ಅದರ ನಡುವೆ ನನ್ನ ಕಂದು ಬಣ್ಣದ ಚರ್ಮದ ಬೆಲ್ಟನ್ನು ಸುರುಳಿ ಸುತ್ತಿಟ್ಟೆ. ನಾನು ತಂದ ಬ್ಯಾಟ್ರಿ ಬಿಟ್ಟೆ. ಕಣ್ಣು ಕುಕ್ಕುವ ಬೆಳಕು. ತರಗೂ ಬೂದಿ, ಬೆಲ್ಟೂ ಬೂದಿ. ಬೆಲ್ಟು ಎಲ್ಲಿದೆಯೆಂದು ಗೊತ್ತಿದ್ದ ನಾನೇ ಒಂದು ಗಳಿಗೆ ಹುಡುಕಬೇಕಾಯಿತು. ಆಮೇಲೆ ಅಟ್ಟದಿಂದ ಹಳೆಯ ಎವರೆಡಿ ಇಳಿಸಿ, ಹೊಸ ಶೆಲ್ಲು ಹಾಕಿ ಬಿಟ್ಟೆ. ಮಿಣುಕು ಹಳದಿ ಬೆಳಕು, ಮೊದಲಿನದರ ಮುಂದೆ ಏನೇನೂ ಅಲ್ಲ. ಆದರೆ ತರಗು ಒಣಹುಲ್ಲಿನ ಬಣ್ಣದಲ್ಲಿ, ಬೆಲ್ಟು ಹುಣಸೆಹಣ್ಣಿನ ಬಣ್ಣದಲ್ಲಿ, ಬೇರೆ ಬೇರೆಯಾಗಿ ಎದ್ದು ಕಂಡವು.

ಅಪ್ಪ ಹೇಳಿದ್ದು ಪೂರಾ ನಿಜವಾಗಿತ್ತು. ಕೋಣೆಯ ನೆಲದ ಮೇಲೆ ಕೂತು ಬಹಳ ಹೊತ್ತು ಹಾಗೇ ಇದ್ದೆ.

ಬಿಳಿ ಎಲ್‌ಇಡಿ ಹುಟ್ಟಿನಲ್ಲಿ ಬಿಳಿಯಲ್ಲ. ಅದು ನೀಲಿ ದೀಪ. 1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರಾ ಪ್ರಕಾಶಮಾನವಾದ ನೀಲಿ ಎಲ್‌ಇಡಿ ಮಾಡಿ ತೋರಿಸಿದರು. ಅದೇ ಸಾಧನೆಗೆ ಅಕಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಆ ನೀಲಿ ಚಿಪ್‌ನ ಮೇಲೆ ಬೆಳಕಿನ ಬಣ್ಣ ಬದಲಿಸುವ ಹಳದಿ ಪುಡಿ, ಫಾಸ್ಫರ್, ಬಳಿಯುತ್ತಾರೆ. ನೀಲಿಯಲ್ಲಿ ಒಂದು ಪಾಲು ಹಳದಿಯಾಗಿ ಹೊರಬರುತ್ತದೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಬಹಳ ಕಮ್ಮಿ. ಬೆಳಕಿನಲ್ಲೇ ಕೆಂಪಿಲ್ಲದಿದ್ದರೆ ವಸ್ತು ಯಾವ ಕೆಂಪನ್ನು ತಿರುಗಿಸಿ ಕೊಟ್ಟೀತು? ಕಂದು ಅಂದರೂ ಕೆಂಪು ಬೆರೆತದ್ದೇ. ಹಾವು, ತರಗು, ಮಣ್ಣು, ಒಣಗಿದ ರಕ್ತ, ಎಲ್ಲಾ ಒಂದೇ ಬೂದಿ. ತಂತಿ ಕಾಯ್ದು ಉರಿಯುವ ಹಳೆಯ ಬಲ್ಬಿನಲ್ಲಿ ಬೆಳಕು ಸಣ್ಣದು, ಆದರೆ ಕೆಂಪು ಧಾರಾಳ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಅಳತೆ ಇದೆ, ಪೂರ್ತಿ ಅಂಕ 100. ಆ ಬಲ್ಬು ನೂರರ ಹತ್ತಿರ ಹತ್ತಿರ ಬರುತ್ತದೆ.

ನಮ್ಮ ಕಡೆ ಕಬ್ಬಿನ ಗದ್ದೆ ಅಂದರೆ ಜನ ಮೊದಲು ಹೆದರುವುದು ಚಿರತೆಗೆ. ಅದೂ ಇದೆ, ಸುಳ್ಳಲ್ಲ. ಆದರೆ ಕಾಲಡಿಯಲ್ಲಿ ದಿನವೂ ಇರುವುದು ಹಾವು. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಡಿದು ಸಾಯುತ್ತಾರೆಂಬ ಅಂದಾಜಿದೆ, ಹೆಚ್ಚಿನವರು ಹಳ್ಳಿಯವರು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು. ಆ ಲೆಕ್ಕದಲ್ಲಿ ನಮ್ಮಪ್ಪನೂ ಒಂದು ಅಂಕಿಯಾಗುತ್ತಿದ್ದ.

ಬ್ಯಾಟ್ರಿ ಬಿಚ್ಚಿದೆ. ಗಾಜು, ರಿಫ್ಲೆಕ್ಟರು ತೆಗೆದರೆ ಒಳಗೆ ಹಿತ್ತಾಳೆಯ ಸಣ್ಣ ಬಟ್ಟಲು, ಅದರ ಬಾಯಿಗೆ ಎಲ್‌ಇಡಿ ಕೂತ ಅಲ್ಯೂಮಿನಿಯಂ ಬಿಲ್ಲೆ. ಬಿಲ್ಲೆ ಬಟ್ಟಲಿನ ಅಂಚಿಗೆ ಮಾತ್ರ ತಾಗಿತ್ತು. ಅಡಿಯಲ್ಲಿ ಪೊಳ್ಳು. ಹಿಡಿದು ನಿಲ್ಲಿಸಿದ್ದು ಎರಡು ಹನಿ ಬಿಳಿ ಅಂಟು. ಹತ್ತು ನಿಮಿಷ ಉರಿಸಿ ಹೊರಮೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಿಲ್ಲೆಗೆ ಬೆರಳು ತಾಗಿಸಿದೆ, ಚುರ್ ಎಂದು ಸುಟ್ಟಿತು. ಅಷ್ಟರಲ್ಲಿ ಬೆಳಕೂ ಕಣ್ಣಿಗೆ ಗೊತ್ತಾಗುವಷ್ಟು ಇಳಿದಿತ್ತು.

ಹಳೆಯ ಬಲ್ಬು ತನ್ನ ಶಾಖವನ್ನು ಬೆಳಕಿನ ಜೊತೆಗೇ ಮುಂದಕ್ಕೆ ಎಸೆಯುತ್ತದೆ. ಎಲ್‌ಇಡಿ ಹಾಗಲ್ಲ, ತಿಂದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗಿ ಅದರ ಬೆನ್ನಲ್ಲೇ ಉಳಿಯುತ್ತದೆ. ಬೆನ್ನಿನಿಂದಲೇ ಇಳಿದು ಹೋಗಬೇಕು. ದಾರಿ ಕೊಡದಿದ್ದರೆ ತನ್ನ ಬಿಸಿಯಲ್ಲಿ ತಾನೇ ಬೆಂದು ಮಂಕಾಗುತ್ತದೆ, ಬೇಗ ಸಾಯುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ 400 ಅಂಕ ಅಂದರೆ ಹಿತ್ತಾಳೆಗೆ 110ರ ಆಸುಪಾಸು, ಗಾಳಿಗೆ 0.026. ಆ ಪೊಳ್ಳಿನಲ್ಲಿ ಇದ್ದದ್ದು ಗಾಳಿ.

ಸೆಲ್ಲಿನ ಮೇಲೆ ಅದು ಹಿಡಿಯುವ ಕರೆಂಟು 9,900 ಎಂಎಎಚ್ ಅಂತ ಬರೆದಿತ್ತು. 18 ಮಿಲಿಮೀಟರ್ ದಪ್ಪ, 65 ಉದ್ದದ 18650 ಸೆಲ್ಲು ಅದು. ಆ ಗಾತ್ರದಲ್ಲಿ ಒಳ್ಳೆಯ ಕಂಪನಿಯವರು 3,500ರ ಸುತ್ತಮುತ್ತ ತುಂಬಿಸುವುದೇ ಹೆಚ್ಚು. ಅದನ್ನು ಪಕ್ಕಕ್ಕಿಟ್ಟು, ನಂಬಿಕೆಯ ಕಡೆಯಿಂದ 3,000ದ ಒಂದು ಸೆಲ್ಲು ತರಿಸಿದೆ. ಲಿಥಿಯಂ ಸೆಲ್ಲಿನಲ್ಲಿ ದುಡ್ಡು ಉಳಿಸಲು ಹೋಗಬಾರದು. ಚಾರ್ಜಿಗೆ ಹಾಕಿ ಮಲಗಲೂಬಾರದು.

ಬದಲಿಗೆ ಹಾಕಲು ಹೊಸ ಎಲ್‌ಇಡಿ ತರಿಸಿದೆ, ಬರಲು ಮೂರು ವಾರ ಹಿಡಿಯಿತು. ನಿಚಿಯಾ 519ಎ ಅನ್ನುವ ಮಾದರಿ, ಬೆಳಕಿನ ಬಣ್ಣ 4500 ಕೆಲ್ವಿನ್ (ತೀರಾ ಹಳದಿಯೂ ಅಲ್ಲ, ನೀಲಿ ಬಿಳುಪೂ ಅಲ್ಲ), ಸಿಆರ್‌ಐ 90ರ ಮೇಲೆ. ಕೆಂಪು ಚೆನ್ನಾಗಿ ಕೊಡುವ ಎಲ್‌ಇಡಿ ಲ್ಯೂಮೆನ್ ಲೆಕ್ಕದಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ. ಬೀಳಲಿ. ಅಲ್ಯೂಮಿನಿಯಂ ಬಿಲ್ಲೆಯ ಬದಲು ತಾಮ್ರದ ಬಿಲ್ಲೆ ತರಿಸಿದ್ದೆ. ಮಾಮೂಲಿ ಬಿಲ್ಲೆಯಲ್ಲಿ ಎಲ್‌ಇಡಿಗೂ ಲೋಹಕ್ಕೂ ನಡುವೆ ಕರೆಂಟು ತಡೆಯುವ ತೆಳು ಪದರವಿರುತ್ತದೆ, ಅದು ಶಾಖವನ್ನೂ ತಡೆಯುತ್ತದೆ. ಇದರಲ್ಲಿ ಎಲ್‌ಇಡಿಯ ಹೊಟ್ಟೆಯಡಿಯ ನಡುವಿನ ಪಟ್ಟಿ ನೇರವಾಗಿ ತಾಮ್ರಕ್ಕೇ ಬೆಸುಗೆಯಾಗುತ್ತದೆ. ಆ ಪಟ್ಟಿಯಲ್ಲಿ ಕರೆಂಟು ಹರಿಯುವುದಿಲ್ಲ, ಶಾಖ ಮಾತ್ರ.

ಪೊಳ್ಳು ತುಂಬಲು ತಾಮ್ರ ಬೇಕಿತ್ತು. ಪಾಂಡವಪುರದ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಹಳೆಯ ಪ್ಯಾನಲ್ ಬೋರ್ಡಿನ ತಾಮ್ರದ ಪಟ್ಟಿಯ ಒಂದು ತುಂಡು ಸಿಕ್ಕಿತು. ಲೇತ್ ಅಂಗಡಿಗೆ ಒಯ್ದೆ. ‘ಏನಣ್ಣ ಇದು, ಉಂಗುರನಾ?’ ಅಂದ ಅಂಗಡಿಯವನು. ಹಾವಿನ ಕತೆ ಹೇಳಿದೆ. ಬಟ್ಟಲಿನ ಒಳ ಅಳತೆಯನ್ನು ವರ್ನಿಯರ್‌ನಲ್ಲಿ ಮೂರು ಸಲ ಹಿಡಿದು, ಬಟ್ಟಲೊಳಗೆ ತಳ್ಳಿದರೆ ಅಲುಗದ ಹಾಗೆ ಕಡೆದುಕೊಟ್ಟ. ತಂತಿ ಹಾಯಲು ಎರಡು ತೂತನ್ನೂ ಕೊರೆದ. ದುಡ್ಡು ಬೇಡ ಅಂದ. ಬಲವಂತ ಮಾಡಿ ಕೊಟ್ಟೆ.

ಸಂಕ್ರಾಂತಿ ರಜೆಯಲ್ಲಿ ಬೆಸುಗೆ. ಅಡುಗೆಯಿಂದ ಬಿಟ್ಟ, ಹಿಡಿ ಮುರಿದ ಹೆಂಚೊಂದನ್ನು ಅವ್ವನ ಹತ್ತಿರ ಕೇಳಿ ಪಡೆದು ಹಿತ್ತಲಲ್ಲಿ ಸ್ಟೌ ಹಚ್ಚಿದೆ. ನಾನು ಬಳಸುವ ಬೆಸುಗೆಯಲ್ಲಿ ಸೀಸ ಇರುತ್ತದೆ, ಊಟಕ್ಕೆ ಬಳಸುವ ಪಾತ್ರೆಗೆ ತಾಗಿಸಲೇಬಾರದು. ಮೊದಲ ಸಲ ಬೆಸುಗೆ ಪೇಸ್ಟು ಜಾಸ್ತಿಯಾಗಿ ಪಕ್ಕದ ಪಟ್ಟಿ ನಡುವಿನದಕ್ಕೆ ಕೂಡಿಕೊಂಡಿತು. ಶಾರ್ಟ್ ಆಗಿದೆ ಅಂತ ಮಲ್ಟಿಮೀಟರು ಕೀಂಯ್ ಅಂತು. ಬಿಡಿಸಲು ಹೋಗಿ ಚಿಮುಟದ ತುದಿ ಮೇಲಿನ ಮೆತ್ತನೆ ಸಿಲಿಕೋನ್ ಗುಮ್ಮಟಕ್ಕೆ ತಗುಲಿ ಅದು ಕಿತ್ತುಬಂತು. ಒಂದು ಎಲ್‌ಇಡಿ ಹೋಯಿತು. ಎರಡು ತರಿಸಿದ್ದು ಒಳ್ಳೆಯದಾಯಿತು.

ಎರಡನೆಯದಕ್ಕೆ ಸೂಜಿ ತುದಿಯಲ್ಲಿ ಪೇಸ್ಟು ಸವರಿದೆ, ರಾಗಿ ಕಾಳಿನಷ್ಟು ಒಂದೊಂದು ಪಟ್ಟಿಗೆ. ಮೂರೂವರೆ ಮಿಲಿಮೀಟರಿನ ಎಲ್‌ಇಡಿಯನ್ನು ಮೇಲಿಟ್ಟೆ. ಸ್ವಲ್ಪ ವಾರೆಯಾಗಿತ್ತು, ಹಾಗೇ ಬಿಟ್ಟೆ. ಹೆಂಚು ಕಾಯುತ್ತಾ ಬಂತು. ಬೂದು ಪೇಸ್ಟು ಮೊದಲು ನೀರಾಡಿ ಹೊಗೆಯಾಡಿತು. 183 ಡಿಗ್ರಿ ಆಗಿರಬೇಕು, ಇದ್ದಕ್ಕಿದ್ದಂತೆ ಬೂದು ಹೋಗಿ ಬೆಳ್ಳಿಯ ಹೊಳಪು ಓಡಿತು. ಆಗ ವಾರೆಯಾಗಿದ್ದ ಎಲ್‌ಇಡಿ ತಾನಾಗಿಯೇ ಮೆಲ್ಲಗೆ ಹೊರಳಿ ನೆಟ್ಟಗೆ ಕೂತಿತು. ಕರಗಿದ ಬೆಸುಗೆಯ ಎಳೆತವೇ ಅದನ್ನು ತನ್ನ ಜಾಗಕ್ಕೆ ಎಳೆದುಕೊಳ್ಳುತ್ತದೆ. ಚಿಮುಟದಲ್ಲಿ ಪಕ್ಕದಿಂದ ಕೂದಲೆಳೆಯಷ್ಟು ತಳ್ಳಿದೆ. ತೂಗಿದ ತೊಟ್ಟಿಲು ನಿಂತ ಹಾಗೆ ಮತ್ತೆ ಅಲ್ಲಿಗೇ ಬಂದು ನಿಂತಿತು. ಈ ಕೆಲಸದಲ್ಲಿ ಹತ್ತು ವರ್ಷ ಕಳೆದಿದ್ದೇನೆ, ಆ ಒಂದು ಕ್ಷಣ ನೋಡುವುದು ನನಗೆ ಇವತ್ತಿಗೂ ಹಬ್ಬವೇ.

ಅಪ್ಪನಿಗೆ ಇನ್ನೊಂದು ತಕರಾರಿತ್ತು. ಗುಂಡಿ ಅರ್ಧ ಒತ್ತಿದರೆ ಜೋರು, ಮತ್ತೆ ಒತ್ತಿದರೆ ಮಂದ, ಇನ್ನೊಮ್ಮೆ ಒತ್ತಿದರೆ ಮಿಂಚಿದ ಹಾಗೆ ಪಕಪಕ. ಗುದ್ದಲಿ ಹಿಡಿದ ಕೈಯಲ್ಲಿ ಒತ್ತಿದಾಗ ಬೇಡದ್ದೇ ಬರುತ್ತಿತ್ತು. ಎಲ್‌ಇಡಿಗೆ ಕರೆಂಟು ಅಳೆದು ಕೊಡುವ ಆ ಡ್ರೈವರ್ ಬೋರ್ಡು ಕಿತ್ತು ಮೋಡುಗಳೇ ಇಲ್ಲದ ಸಾದಾ ಡ್ರೈವರ್ ಹಾಕಿದೆ. ಅದರಲ್ಲಿ 7135 ಅನ್ನುವ ಪುಟ್ಟ ಐಸಿ ನಾಲ್ಕು. ಒಂದೊಂದೂ 350 ಮಿಲಿಆಂಪ್‌ಗೆ ಕರೆಂಟನ್ನು ಕಟ್ಟಿಹಾಕುತ್ತದೆ, ಒಟ್ಟು 1.4 ಆಂಪ್. ಈ ಎಲ್‌ಇಡಿ 3 ಆಂಪ್‌ವರೆಗೂ ತಡೆಯುತ್ತದೆ, ಅಷ್ಟೂ ಕೊಡುವವರಿದ್ದಾರೆ. ನನಗೆ ಅದು ಸರಿಯೆನಿಸಲಿಲ್ಲ. ತಾಮ್ರ ಶಾಖವನ್ನು ಹೊರಮೈವರೆಗೆ ತಂದು ಬಿಡುತ್ತದೆ ಅಷ್ಟೆ, ಅಲ್ಲಿಂದ ಅದನ್ನು ಒಯ್ಯಬೇಕಾದ್ದು ಗಾಳಿ. ಇಷ್ಟು ಸಣ್ಣ ಮೈಗೆ ನಾಲ್ಕು ವಾಟೇ ಸಾಕು. ಸೆಲ್ಲೂ ಎರಡು ಗಂಟೆ ಬರುತ್ತದೆ, ಅಪ್ಪ ನೀರು ತಿರುಗಿಸಿ ಮನೆಗೆ ಬರುವಷ್ಟು.

ತಾಮ್ರದ ತುಂಡಿಗೂ ಬಿಲ್ಲೆಗೂ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟು, ಕಾಗದದಷ್ಟು ತೆಳ್ಳಗೆ. ರಿಫ್ಲೆಕ್ಟರಿನ ತಳ ಬೆಸುಗೆಗೆ ತಾಗಿ ಶಾರ್ಟ್ ಆಗದಂತೆ ಅಡಿಗೆ ಕ್ಯಾಪ್ಟಾನ್ ಟೇಪು. ತಿರುಚಿ ಮುಚ್ಚಿದೆ.

ಸಂಜೆ ಅಪ್ಪನ ಕೈಗೆ ಕೊಟ್ಟೆ. ಐದು ನಿಮಿಷ ಉರಿಸಿದ. ‘ಬಿಸಿ ಆಯ್ತಾ ಅದಲ್ಲಾ, ಕೆಟ್ಟೋಯ್ತೇನ್ಲಾ?’ ಅಂದ.

‘ಇಲ್ಲ ಕಣಪ್ಪ, ಬಿಸಿ ಆಗ್ಲೇಬೇಕು. ಒಳಗಿನ ಶಾಖ ನಿನ್ ಕೈಗೆ ಬತ್ತಾ ಅದೆ ಅಂದ್ರೆ ಒಳಗಡೆ ತಣ್ಣಗದೆ ಅಂತ ಲೆಕ್ಕ.’

‘ಚಳೀಲಿ ಒಳ್ಳೇದೇ ಆಯ್ತು ಬುಡು’ ಅಂದ.

ರಾತ್ರಿ ಹನ್ನೊಂದಕ್ಕೆ ಇಬ್ಬರೂ ಹೊರಟೆವು. ದೂರದ ಆಲೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಅಪ್ಪ ಮುಂದೆ, ನಾನು ಹಿಂದೆ. ಬದುವಿನ ಮೇಲೆ ಬೆಳಕು ಬಿದ್ದಲ್ಲಿ ತರಗು ತರಗಿನ ಬಣ್ಣದಲ್ಲಿತ್ತು, ಅದರ ಸಂದಿಯ ಮಣ್ಣು ಮಣ್ಣಿನ ಬಣ್ಣದಲ್ಲಿತ್ತು. ಹಸಿ ಗರಿಕೆ ಯಾವುದು, ಒಣಗಿದ್ದು ಯಾವುದು ಗೊತ್ತಾಗುತ್ತಿತ್ತು. ಅಪ್ಪ ಎಂದಿಗಿಂತ ನಿಧಾನವಾಗಿ ನಡೆಯುತ್ತಿದ್ದ. ಒಂದು ಕಡೆ ನಿಂತು ಹೆಗ್ಗಣದ ಬಿಲಕ್ಕೆ ಬೆಳಕು ಬಿಟ್ಟ. ‘ನೋಡು, ಒಸಾ ಮಣ್ಣು. ಇವತ್ತೇ ಕೆದರೈತೆ’ ಅಂದ. ಬಿಲದ ಬಾಯಿಯ ಕೆಂಪು ಮಣ್ಣು ಸುತ್ತಲಿನದಕ್ಕಿಂತ ತುಸು ಗಾಢವಾಗಿತ್ತು.

ಮೋಟರ್ ಮನೆಯ ಬೀಗ ತೆಗೆದು ಸ್ಟಾರ್ಟರಿನ ಮುಂದೆ ನಿಂತೆವು. ಫ್ಯೂಸಿನಿಂದ ಬರುವ ಮೂರು ವೈರುಗಳ ಮೇಲೆ ಅಪ್ಪ ಬೆಳಕನ್ನು ಒಂದೊಂದಾಗಿ ಸರಿಸಿದ. ಕೆಂಪು, ಹಳದಿ, ನೀಲಿ. ಧೂಳು ಕೂತು ಮಾಸಿದ ಕೆಂಪು ವೈರಿನ ಮೇಲೆ ನಿಲ್ಲಿಸಿ ಹತ್ತಿರ ಬಗ್ಗಿ ನೋಡಿದ.

‘ಇದ್ನ ನಾನು ಇಷ್ಟ್ ದಿನ ಕರೀದು ಅಂದ್ಕಂಡಿದ್ದೆ’ ಅಂದ. ಆಮೇಲೆ ಹಸಿರು ಗುಂಡಿ ಒತ್ತಿದ.