ನಾಲ್ಕು ಬೆರಳು ನೀರು

ಮಾರ್ಕೋನಹಳ್ಳಿ ಡ್ಯಾಮು ತುಂಬಿದೆ ಅಂತ ವಾಟ್ಸಾಪಿನಲ್ಲಿ ವಿಡಿಯೋಗಳು ಬರೋದಕ್ಕೆ ಶುರುವಾದ ಮೇಲೆ ಮನೆಯಲ್ಲಿ ಹುಡುಗರನ್ನು ಹಿಡಿಯೋಕೆ ಆಗಲಿಲ್ಲ. 2022ರ ಆಗಸ್ಟ್ ಅದು. ತುಮಕೂರು ಜಿಲ್ಲೆಯಲ್ಲಿ ಆ ವರ್ಷ ಎಲ್ಲಿ ನೋಡಿದರೂ ಕೆರೆ ಕೋಡಿ ಬಿದ್ದ ಸುದ್ದಿ. ನಾನು ಕುಣಿಗಲ್ ತಾಲ್ಲೂಕಿನವನೇ. ಆದರೆ ನನ್ನ ನೆನಪಿನಲ್ಲಿ ಡ್ಯಾಮು ಅಂದರೆ ಒಣಗಿ ಬಿರುಕು ಬಿಟ್ಟ ಹೂಳು, ಅದರ ಮೇಲೆ ಮೇಯುವ ಎಮ್ಮೆ. ತುಂಬಿದ್ದು ನೋಡೋಣ ಅಂತ ನನಗೂ ಆಸೆಯಿತ್ತು.

ಮಗಳನ್ನೂ ಅಣ್ಣನ ಮಗನನ್ನೂ ಕರೆದುಕೊಂಡು ಭಾನುವಾರ ಬೆಳಿಗ್ಗೆ ಸೋದರಮಾವನ ಊರಿಗೆ ಹೋದೆ. ಮಾವ ನೀರುಗಂಟಿಯಾಗಿದ್ದವರು. ತೂಬು ಎತ್ತೋದು, ನಾಲೆ ಕಾಯೋದು, ನೀರಿನ ಮಟ್ಟ ನೋಡಿ ಬರೆಯೋದು, ಇಷ್ಟರಲ್ಲೇ ಅವರ ಆಯುಸ್ಸು ಕಳೆದಿದೆ. ರಿಟೈರ್ ಆಗಿ ಎಷ್ಟೋ ವರ್ಷವಾದರೂ ಮಳೆ ಬಿದ್ದರೆ ಸಾಕು, ಕೊಡೆ ಹಿಡಿದು ಏರಿ ಕಡೆ ಹೊರಡುತ್ತಾರೆ. "ಸಂಬಳ ಯಾರು ಕೊಡ್ತಾರೆ ನಿಮಗೆ?" ಅಂತ ಅತ್ತೆ ಬೈಯುತ್ತಾರೆ. ಅವತ್ತೂ ಬೈದರು, ಆಮೇಲೆ ನಮಗೆಲ್ಲ ಅಕ್ಕಿರೊಟ್ಟಿ ಕಟ್ಟಿಕೊಟ್ಟರು.

ಡ್ಯಾಮಿನ ಹತ್ತಿರ ಜಾತ್ರೆ ನೆರೆದ ಹಾಗಿತ್ತು. ಎಡೆಯೂರು ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿ ಬಂದ ಕಾರುಗಳು, ಬೈಕುಗಳು, ಸುಟ್ಟ ಜೋಳದ ಗಾಡಿ. ಬೆಳಗಿನ ಜಾವ ಹರಿದು ನಿಂತಿದ್ದ ನೀರಿನಿಂದ ಕೆಳಗಿನ ಬಂಡೆಗಳೆಲ್ಲ ಒದ್ದೆ. ಸಂದಿಗಳಲ್ಲಿ ನಿಂತ ನೀರಿನಲ್ಲಿ ಸಣ್ಣ ಮೀನು. ನಮ್ಮ ಹುಡುಗರು ಚಪ್ಪಲಿ ಬಿಚ್ಚಿಟ್ಟು ಅಲ್ಲೇ ಇಳಿದುಬಿಟ್ಟರು.

ಮಾವ ಮಾತ್ರ ನಮ್ಮ ಜೊತೆ ಬರಲಿಲ್ಲ. ಕಲ್ಲಿನ ಮೇಲೆ ಬರೆದ ಅಳತೆ ಗೆರೆ ನೋಡುತ್ತಾ ನಿಂತರು. ಅಲೆ ಏರುತ್ತೆ, ಇಳಿಯುತ್ತೆ. ಒಂದೇ ಸಲ ನೋಡಿ ಹೇಳೋಕಾಗಲ್ಲ. ನಾಲ್ಕೈದು ಅಲೆ ಬಿಟ್ಟು, ಕೈ ಅಡ್ಡ ಇಟ್ಟು ಅಳೆದ ಹಾಗೆ ಮಾಡಿದರು.

"ಇನ್ನು ನಾಲ್ಕು ಬೆರಳು ಐತೆ ಕಣಪ್ಪ. ರಾತ್ರಿ ಮ್ಯಾಲೆ ಮಳೆ ಆಗೈತೆ. ಹುಡುಗ್ರನ್ನ ಹತ್ತಿಸು."

ಮ್ಯಾಲೆ ಅಂದರೆ ತುಮಕೂರಿನ ಕಡೆ. ಶಿಂಷೆ ಹುಟ್ಟೋದು ನಮ್ಮ ದೇವರಾಯನದುರ್ಗದ ಬೆಟ್ಟದಲ್ಲಿ. ಅಲ್ಲಿ ಬಿದ್ದ ಮಳೆ ಇಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ. ಇಲ್ಲಿ ಬಿಸಿಲು ಇದೆಯಲ್ಲ ಅಂತ ನಂಬಿ ಕೂತರೆ ಆಗಲ್ಲ.

"ನೀರು ಬಿಡೋ ಮುಂಚೆ ಸೈರನ್ ಹೊಡೀತಾರಲ್ವಾ ಮಾವ?" ಅಂದೆ.

"ಬಿಡೋರು ಯಾರ್ಲಾ? ಇದು ತಾನೇ ಎಳ್ಕೊಳ್ತದೆ."

ಸೈಫನ್ ಅಂತ ಶಾಲೆಯಲ್ಲಿ ಓದಿದ್ದೆ, ನಿಜ. ಚಿಕ್ಕಂದಿನಲ್ಲಿ ಇದೇ ಮಾವನ ತೋಟದಲ್ಲಿ ಎಂಜಿನ್‌ಗೆ ಡೀಸೆಲ್ ಹಾಕೋವಾಗ ಕ್ಯಾನಿಗೆ ಪೈಪು ಬಿಟ್ಟು ಬಾಯಲ್ಲಿ ಎಳೆಯುತ್ತಿದ್ದೆವು. ಒಂದು ಸಲ ಜಾಸ್ತಿ ಎಳೆದು ಡೀಸೆಲ್ ಬಾಯಿಗೇ ಬಂದು ಎರಡು ದಿನ ಊಟ ಸೇರಲಿಲ್ಲ. ಡ್ಯಾಮಿನಲ್ಲಿ ನಡೆಯೋದೂ ಅದೇ. ಎಳೆಯೋ ಬಾಯಿ ಮಾತ್ರ ಮನುಷ್ಯರದ್ದಲ್ಲ. ನೀರಿನ ಮಟ್ಟ ಸಮುದ್ರಮಟ್ಟದಿಂದ 731.57 ಮೀಟರ್ ದಾಟಿದ ಮೇಲೆ ಸೈಫನ್ ಕೊಳವೆಯ ಅಂಚಿನ ಮೇಲಿಂದ ಇಳಿಯೋ ನೀರು ಒಳಗಿನ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತೆ. ಗಾಳಿ ಪೂರ್ತಿ ಖಾಲಿಯಾಯಿತೋ, ಕೊಳವೆ ತುಂಬಾ ನೀರು. ಮಟ್ಟ ಇಳಿದು ಮತ್ತೆ ಒಳಗೆ ಗಾಳಿ ಹೊಕ್ಕಾಗ ತಾನೇ ನಿಲ್ಲುತ್ತೆ. ಕರೆಂಟು ಬೇಡ, ಮೋಟರು ಬೇಡ, ನಡುರಾತ್ರಿ ಎದ್ದು ಹ್ಯಾಂಡಲ್ ತಿರುಗಿಸೋರೂ ಬೇಡ.

ನಾಲ್ವಡಿಯವರ ಕಾಲದ ಡ್ಯಾಮು ಇದು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಹೆಸರಿನ ಸೈಫನ್ನು ಸಿವಿಲ್ ಓದೋರ ಪುಸ್ತಕದಲ್ಲಿ ಇವತ್ತಿಗೂ ಇದೆ. ಜೋಗದ ಕರೆಂಟಿಗಾಗಿ ಶರಾವತಿಗೆ ಕಟ್ಟಿದ ಹಿರೇಭಾಸ್ಕರದಲ್ಲೂ ಅವರ ಸೈಫನ್ನುಗಳೇ. 1964ರಲ್ಲಿ ಲಿಂಗನಮಕ್ಕಿ ಬಂದಮೇಲೆ ಆ ಡ್ಯಾಮು ಮುಳುಗಿತು. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಎದ್ದು ಕಾಣುತ್ತೆ.

ಹುಡುಗರು ಗೊಣಗುತ್ತಾ ಹತ್ತಿ ಬಂದರು. ಅಣ್ಣನ ಮಗನಂತೂ, "ತಾತ, ಬಿಸಿಲು ಹೆಂಗಿದೆ ನೋಡಿ, ಸುಮ್ನೆ ಹೆದರಿಸ್ತೀರಾ" ಅಂದ. ಮಾವ ಎಲೆ ಅಡಿಕೆ ಹಾಕಿಕೊಂಡರು, ಉತ್ತರ ಕೊಡಲಿಲ್ಲ. ರೊಟ್ಟಿ ತಿಂದು ಮುಗಿಸಿ ಕೂತಿದ್ದೆವು. ಇನ್ನೇನು ಏಳಬೇಕು, ಮಗಳಿಗೆ ತನ್ನ ಒಂದು ಚಪ್ಪಲಿ ಕೆಳಗೇ ಉಳಿದಿದೆ ಅಂತ ಗೊತ್ತಾಯಿತು. ಕಾಣ್ತಾನೂ ಇತ್ತು, ಬಂಡೆ ಮೇಲೆ, ಗುಲಾಬಿ ಬಣ್ಣದ್ದು. ಓಡಿ ತರೋದಕ್ಕೆ ಎರಡು ನಿಮಿಷ. ಎದ್ದೆ. ಮಾವ ತೋಳು ಹಿಡಿದರು.

ಮೊದಲು ಕೇಳಿಸಿದ್ದು ಒಂದು ಗೊರಗೊರ ಸದ್ದು. ಗೊರಕೆ ಹೊಡೆಯೋರು ಮಗ್ಗುಲು ಬದಲಾಯಿಸಿದ ಹಾಗೆ. ಒಂದಿಷ್ಟು ನೀರು ಬಂತು, ನಿಂತ ಹಾಗಾಯಿತು, ಮತ್ತೆ ಬಂತು. ಆಮೇಲೆ ಒಂದೇ ಸಲಕ್ಕೆ ಹಾಲಿನ ಹಾಗೆ ಬೆಳ್ಳಗೆ ನುಗ್ಗಿತು. ಕಾಲ ಕೆಳಗಿನ ಕಲ್ಲು ನಡುಗಿದ್ದು ಅಂಗಾಲಿಗೆ ಗೊತ್ತಾಗುತ್ತಿತ್ತು. ಚಪ್ಪಲಿ ನೋಡುತ್ತಾ ಇದ್ದೆ. ಅದು ಹೋಯಿತು. ಇನ್ನೊಂದು ಕ್ಷಣಕ್ಕೆ ಬಂಡೆಯೇ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದವರೆಲ್ಲ ಹೋ ಅಂತ ಕೂಗಿ ಮೊಬೈಲ್ ಎತ್ತಿದರು. ಅಣ್ಣನ ಮಗ ಎತ್ತಲಿಲ್ಲ.

ಗೇಟಾದರೆ ಇಷ್ಟಿಷ್ಟೇ ಎತ್ತಬಹುದು. ಎತ್ತೋನು ಒಬ್ಬ ಇರುತ್ತಾನೆ, ಕೆಳಗೆ ಯಾರಿದ್ದಾರೆ ಅಂತ ಒಂದು ಸಲ ಬಗ್ಗಿ ನೋಡುತ್ತಾನೆ. ಸೈಫನ್‌ಗೆ ಅರ್ಧ ಅನ್ನೋದು ಹೆಚ್ಚು ಹೊತ್ತು ಇರಲ್ಲ, ಇಲ್ಲ ಅಂದರೆ ಇಲ್ಲ, ಬಂತು ಅಂದರೆ ಪೂರ್ತಿ. ಹಾಗಂತ ಗೇಟೇ ಮೇಲು ಅನ್ನೋ ಹಾಗೂ ಇಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋದಾಗ ನಾಡೆಲ್ಲ ಉಸಿರು ಬಿಗಿಹಿಡಿದು ಕೂತಿತ್ತಲ್ಲ. ಸೈಫನ್‌ನಲ್ಲಿ ಕಿತ್ತು ಹೋಗೋ ಚೈನಿಲ್ಲ. ಆದರೆ ಕಸ ಕಟ್ಟಿಕೊಳ್ಳೋ ಬಾಯಿದೆ, ಗಾಳಿ ಆಡೋ ದಾರಿಯಿದೆ. ಆ ದಾರಿ ಮುಚ್ಚಿದರೆ ಲೆಕ್ಕ ತಪ್ಪುತ್ತೆ. ತಾನೇ ತೆರೆಯೋ ಯಂತ್ರ ಅಂದರೆ ಯಾರೂ ನೋಡಿಕೊಳ್ಳಬೇಕಾಗಿಲ್ಲ ಅಂತ ನಾನೂ ಅಂದುಕೊಂಡಿದ್ದೆ.

2025ರ ಅಕ್ಟೋಬರ್‌ನಲ್ಲಿ ಇದೇ ಜಾಗದಲ್ಲಿ ನೀರಿಗಿಳಿದಿದ್ದ ಒಂದೇ ಕುಟುಂಬದವರು ಕೊಚ್ಚಿಹೋದ ಸುದ್ದಿ ಓದಿ ಮಾವನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. "ಮಗೀನ ಚಪ್ಪಲಿ ಗ್ಯಾಪ್ನ ಬಂತು ಕಣಪ್ಪ" ಅಂದು ಇಟ್ಟುಬಿಟ್ಟರು.

ಅವತ್ತು ಮಧ್ಯಾಹ್ನ ಜನ ಎಲ್ಲ ನೊರೆ ನೋಡುತ್ತಾ ನಿಂತಿದ್ದರೆ ಮಾವ ನಮ್ಮನ್ನು ಅತ್ತ ಏರಿ ಕಡೆ ಕರೆದುಕೊಂಡು ಹೋದರು. ಫೋಟೋದಲ್ಲಿ ಬರೋ ಕಲ್ಲಿನ ಕಟ್ಟಡ 139 ಮೀಟರ್ ಅಷ್ಟೇ. ಅದರ ಎರಡೂ ಕಡೆ ಸೇರಿ 1,470 ಮೀಟರ್ ಮಣ್ಣಿನ ಏರಿ. ನೀರನ್ನು ಹೆಚ್ಚಾಗಿ ತಡೆದು ನಿಂತಿರೋದು ಮಣ್ಣೇ, ಅದರ ಫೋಟೋ ಮಾತ್ರ ಯಾರೂ ತೆಗೆಯಲ್ಲ. ಏರಿಯ ಕೆಳಗಿನ ಅಂಚಿನಲ್ಲಿ ಮಾವನ ನಡಿಗೆ ಕಳೆದುಹೋದ ಉಂಗುರ ಹುಡುಕೋರ ಥರ. ಹೆಗ್ಗಣದ ಬಿಲ, ಏಡಿ ತೂತು, ಬೇರು ಬಿಟ್ಟ ಜಾಲಿ, ಎಲ್ಲಕ್ಕೂ ಒಂದೊಂದು ನಿಲುಗಡೆ. 2019ರಲ್ಲಿ ಮಹಾರಾಷ್ಟ್ರದ ತಿವಾರೆ ಡ್ಯಾಮು ಒಡೆದಾಗ ಅಲ್ಲಿನ ಮಂತ್ರಿಯೊಬ್ಬರು ಏಡಿಗಳ ಮೇಲೆ ತಪ್ಪು ಹಾಕಿದ್ದರು, ದೇಶವೆಲ್ಲ ನಕ್ಕಿತ್ತು. ಮಾವನಿಗೆ ಅದನ್ನು ಹೇಳಿದೆ. ಅವರು ನಗಲಿಲ್ಲ. "ಏಡಿ ತೂತು ಮಾಡದು ದಿಟವೇ. ಮುಚ್ಚೋ ಕೆಲ್ಸ ಏಡೀದಾ?" ಅಂದರು.

ಒಂದು ಕಡೆ ಹುಲ್ಲು ತೀರಾ ಹಸಿರಾಗಿತ್ತು. ಕೆಳಗೆ ಜೌಗು. ಮಾವ ಜೇಬಿನಿಂದ ಔಷಧಿಯ ಒಂದು ಗಾಜಿನ ಬಾಟಲಿ ತೆಗೆದರು. ಜಿನುಗುತ್ತಿದ್ದ ನೀರನ್ನು ಅದರಲ್ಲಿ ಹಿಡಿದು, ಬಿಸಿಲಿಗೆ ಎತ್ತಿ, ಮಗಳಿಗೆ ತೋರಿಸಿದರು.

"ಏನ್ ಕಾಣ್ತದವ್ವಾ?"

"ಏನೂ ಇಲ್ಲ ತಾತ. ನೀರು."

"ಹಂಗಿದ್ರೆ ಸರಿ."

ಮಣ್ಣಿನ ಏರಿ ಸ್ವಲ್ಪ ಜಿನುಗೋದು ಸಹಜವಂತೆ. ತಿಳಿಯಾಗಿದ್ದರೆ ಕಣ್ಣಿಟ್ಟಿದ್ದರೆ ಸಾಕು. ಕೆಂಪಗೆ, ರಾಡಿಯಾಗಿ ಬಂತು ಅಂದರೆ ನೀರು ಒಳಗಿಂದ ಮಣ್ಣು ಹೊತ್ತು ತರುತ್ತಿದೆ, ಏರಿಯ ಹೊಟ್ಟೆ ಟೊಳ್ಳಾಗುತ್ತಿದೆ ಅಂತ ಅರ್ಥ. ಆಗ ಬೆಳಗಾಗೋವರೆಗೆ ಕಾಯೋ ಹಾಗಿಲ್ಲ. ಮಳೆಗಾಲದ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ದೊಡ್ಡ ಡ್ಯಾಮುಗಳನ್ನು ಪರೀಕ್ಷೆ ಮಾಡಲೇಬೇಕು ಅಂತ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತೆ. ಮಾವನಿಗೆ ಆ ಕಾಯ್ದೆ ಗೊತ್ತಿಲ್ಲ. ಬಾಟಲಿ ಮಾತ್ರ ಅದಕ್ಕಿಂತ ಹಳೆಯದು, ಮೂತಿ ಒಡೆದಿದೆ.

ವಾಪಸ್ ಬರುವಾಗ ಗೋಡೆಯ ಕಲ್ಲಿನ ಸಂದಿಯಲ್ಲಿ ಒಂದು ಅಶ್ವತ್ಥದ ಸಸಿ ಕಂಡಿತು. ಬೆರಳುದ್ದ, ನಾಲ್ಕೇ ಎಲೆ, ತಾಮ್ರದ ಬಣ್ಣ. ಹಳೇ ಗಾರೆಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ ಅನ್ನುತ್ತಾರೆ ಮಾವ. ಹಕ್ಕಿ ಹಿಕ್ಕೆ ಹಾಕಿ ಹೋಗುತ್ತೆ, ಬೇರು ದಾರಿ ಹುಡುಕಿಕೊಳ್ಳುತ್ತೆ, ಹತ್ತಿಪ್ಪತ್ತು ವರ್ಷಕ್ಕೆ ಕಲ್ಲನ್ನೇ ಸರಿಸುತ್ತೆ. ಆದರೆ ಕೂಲಿಗೆ ಬಂದೋರು ಅಶ್ವತ್ಥ ಅಂದರೆ ಮಚ್ಚು ಕೆಳಗಿಡುತ್ತಾರೆ. ಯಾರಿಗೆ ಬೇಕು ಪಾಪ? ಹಾಗಾಗಿ ಮಾವ ಕಡಿಯಲ್ಲ. ನೀರು ಹಾಕಿ ನೆನೆಸಿ, ಬುಡ ಹಿಡಿದು, ಅತ್ತಿತ್ತ ಆಡಿಸಿ ಎಳೆಯುತ್ತಾರೆ. ಊರಿನ ದಾರೀಲಿ ಎಲ್ಲಾದರೂ ನೆಡುತ್ತಾರೆ.

ನಮ್ಮ ಕುಡಿಯೋ ನೀರಿನ ಬಾಟಲಿಯೆಲ್ಲ ಆ ಸಂದಿಗೇ ಖಾಲಿಯಾಯಿತು. ಹತ್ತು ನಿಮಿಷ ಬಿಟ್ಟು ಎಳೆದರು. ಬಂತು, ಪೂರ್ತಿ ಬರಲಿಲ್ಲ. ಟಕ್ ಅಂತ ಸದ್ದಾಯಿತು. ಬೇರಿನ ತುದಿ ಒಳಗೇ ಉಳಿಯಿತು.

"ಮತ್ತೆ ಚಿಗುರ್ತದೆ" ಅಂದರು. ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡು ಆ ಸಂದಿಯ ಪಕ್ಕದ ಕಲ್ಲಿಗೆ ಒಂದು ಬೊಟ್ಟಿಟ್ಟರು. ಆಗ ನೋಡಿದೆ, ಅದೇ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಹಳೇ ಬೊಟ್ಟುಗಳು, ಮಳೆಗೆ ಮಾಸಿದವು.

ಸಸಿ ಹಿಡಿದುಕೊಂಡು ಬಂದವಳು ಮಗಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಮನೆ ಮುಟ್ಟೋ ಹೊತ್ತಿಗೆ ಎಲೆ ಬಾಡಿತ್ತು, ಅತ್ತೆ ಒಡೆದ ಕೊಡದಲ್ಲಿ ಮಣ್ಣು ತುಂಬಿ ಕೊಟ್ಟರು.