ಪೈಪಿನೊಳಗೆ ಬಂದ ಬೇರು

ಸರಸ್ವತಿಪುರದ ನಮ್ಮ ಮನೆ ಮುಂದೆ ದೊಡ್ಡದೊಂದು ಗುಲ್‌ಮೊಹರ್ ಇದೆ. ಏಪ್ರಿಲ್, ಮೇ ಬಂತೆಂದರೆ ಬೀದಿಯೆಲ್ಲ ಕೆಂಪು. ಅದರ ಬೇರು ಫುಟ್‌ಪಾತಿನ ಚಪ್ಪಡಿಗಳನ್ನು ಎತ್ತಿ ಬಹಳ ಕಾಲವಾಗಿತ್ತು. ಜನ ರಸ್ತೆಗಿಳಿದೇ ನಡೆಯುತ್ತಿದ್ದರು. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆ ಅಜ್ಜಿ ಅಲ್ಲೇ ಎಡವಿ ಬಿದ್ದರು, ಮಂಡಿಗೆ ಜೋರು ಪೆಟ್ಟಾಯಿತು. ಅದೇ ವಾರ ನಮ್ಮ ಬಚ್ಚಲ ನೀರೂ ಕಟ್ಟಿಕೊಂಡಿತು. ಇನ್ನೇನು, ಎಲ್ಲರ ಕಣ್ಣೂ ಮರದ ಮೇಲೆ. "ಕಡಿಸಿಬಿಡಿ ಅತ್ಲಾಗೆ" ಎಂದರು ಎದುರು ಮನೆ ಮೇಷ್ಟ್ರು.

ಪ್ಲಂಬರ್ ಬಂದು ಚೇಂಬರ್ ಮುಚ್ಚಳ ತೆಗೆದರು. ಗೇಟಿನ ಹತ್ತಿರ ಅಗೆಸಿದೆವು. ಹಳೇ ಕಾಲದ ಮಣ್ಣಿನ ಪೈಪು. ಒಳಗಿಂದ ಎಳೆದಷ್ಟೂ ಬೇರು ಬಂತು. ಸಣ್ಣ ಎಳೆಗಳು ಜಡೆ ಹಾಗೆ ಹೆಣೆದುಕೊಂಡಿದ್ದವು. ಆಗ ನನಗೂ ಮರದ ಮೇಲೆ ಸಿಟ್ಟು ಬಂತು. ಅವರು ಪೈಪಿನ ಜಾಯಿಂಟ್ ತೋರಿಸಿದರು.

"ನೋಡಿ ಸಾರ್, ಇಲ್ಲಿ ಸಿಮೆಂಟೆಲ್ಲ ಉದುರಿದೆ. ನೀರು ಸೋರ್ತಾ ಇತ್ತು. ನೀರು ಸಿಕ್ಕಿದ ಕಡೆ ಬೇರು ಬರದೆ ಇರುತ್ತಾ? ಗಟ್ಟಿ ಪೈಪಾಗಿದ್ರೆ ಸುಮ್ನೆ ಪಕ್ಕದಲ್ಲೇ ಹೋಗ್ತಿತ್ತು."

ಪಿವಿಸಿ ಪೈಪು ಹಾಕಿಸಿದೆವು. ಆ ತೊಂದರೆ ಅಲ್ಲಿಗೆ ಮುಗಿಯಿತು.

ಚಪ್ಪಡಿಯ ಕಥೆ ಬೇರೆ. ಬೇರು ಆಳಕ್ಕೇ ಇಳಿಯುತ್ತದೆ ಎಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬೇರಿಗೂ ಗಾಳಿ ಬೇಕು. ಹಾಗಾಗಿ ಬಹುಪಾಲು ಬೇರು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡುತ್ತದೆ. ರಸ್ತೆಗಾಗಿ ಗುದ್ದಿ ಗಟ್ಟಿ ಮಾಡಿದ ಮಣ್ಣಿನೊಳಗೆ ನುಗ್ಗುವುದು ಕಷ್ಟ. ಚಪ್ಪಡಿಯ ಅಡಿಯಲ್ಲಿ ತೇವವೂ ಇರುತ್ತದೆ, ಸಂದೂ ಇರುತ್ತದೆ. ಬೇರು ಅಲ್ಲಿ ಸೇರಿ, ವರ್ಷ ವರ್ಷ ದಪ್ಪವಾಗುತ್ತಾ ಚಪ್ಪಡಿಯನ್ನು ಮೇಲಕ್ಕೆತ್ತುತ್ತದೆ. ನಮ್ಮ ಮರದ ಬುಡಕ್ಕಂತೂ ಸಿಮೆಂಟು ಅಂಟಿಕೊಂಡೇ ಇತ್ತು. ದಿಲ್ಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದಿಂದ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ನಮ್ಮೂರಿನ ಮರಗಳಿಗೂ ಅಷ್ಟು ಜಾಗ ಬೇಡವೇ?

ಫುಟ್‌ಪಾತ್ ರಿಪೇರಿಗೆ ಬಂದವರು ಬುಡದ ಹತ್ತಿರದ ದಪ್ಪ ಬೇರಿಗೆ ಕೊಡಲಿ ಹಾಕಲು ಹೊರಟರು. ನಾನು ಅಡ್ಡ ನಿಂತೆ. ಮರವನ್ನು ಹಿಡಿದು ನಿಲ್ಲಿಸಿರುವುದೇ ಆ ಬೇರುಗಳು. ಗುಲ್‌ಮೊಹರ್ ಬೇರು ಮೊದಲೇ ಮೇಲುಮೇಲೆ. ಅದನ್ನು ಕಡಿದರೆ ಮುಂದಿನ ಗಾಳಿ ಮಳೆಗೆ ಮರ ಯಾರ ಮನೆ ಮೇಲೆ ಬೀಳುತ್ತದೋ! ಮರ ಕಡಿಸಲು ಕೂಡ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು ಎಂದು ಮೇಷ್ಟ್ರಿಗೂ ಹೇಳಿದೆ. ಅವರು ಅಜ್ಜಿಯ ಮಂಡಿ ನೆನಪಿಸಿದರು. ಅದೂ ನ್ಯಾಯವಾದ ಮಾತೇ. ವಯಸ್ಸಾದವರು ನಡೆಯಲಾಗದ ಫುಟ್‌ಪಾತ್ ಇದ್ದೇನು ಪ್ರಯೋಜನ?

ಕೊನೆಗೆ ಬುಡದ ಸಿಮೆಂಟು ಒಡೆದು ಮಣ್ಣು ಬಿಟ್ಟರು. ಬೇರಿನ ಮೇಲೆ ಮರಳು ಹಾಸಿ, ಇಂಟರ್‌ಲಾಕ್ ಕಲ್ಲನ್ನು ಇಳಿಜಾರಾಗಿ ಕೂರಿಸಿದರು. ಬೇರು ಇನ್ನೂ ದಪ್ಪವಾದರೆ ಕಲ್ಲು ತೆಗೆದು ಮತ್ತೆ ಸರಿ ಮಾಡಬಹುದು. ಅಜ್ಜಿ ಈಗ ಕೋಲು ಹಿಡಿದು ಅಲ್ಲೇ ನಡೆಯುತ್ತಾರೆ. ಮೊನ್ನೆ ಹಿಂದಿನ ಬೀದಿಯಲ್ಲಿ ಹೊಸ ಹೊಂಗೆ ಸಸಿಯ ಕಾಂಡದವರೆಗೂ ಸಿಮೆಂಟು ಸುರಿಯುತ್ತಿದ್ದರು. ಮೇಷ್ಟ್ರೇ ಹೋಗಿ ನಿಲ್ಲಿಸಿ ಬಂದರು.