ದೂರದ ಟಿವಿಯಲ್ಲಿ ಏನಿದೆ ಅಂತ ಇಲ್ಲಿಂದಲೇ ನೋಡುವುದು

'ಸ್ಕ್ರೀನ್ ಬ್ಲ್ಯಾಂಕ್ ಆಗಿದೆ ಸರ್' ಎಂದು ಫೋನ್ ಬಂದರೆ ಅದಕ್ಕೆ ನಾಲ್ಕೈದು ಅರ್ಥ ಇರುತ್ತದೆ. ಟಿವಿಗೆ ಕರೆಂಟ್ ಇಲ್ಲದಿರಬಹುದು. ಯಾರೋ ರಿಮೋಟ್ ಒತ್ತಿ ಬೇರೆ ಎಚ್‌ಡಿಎಂಐಗೆ ತಿರುಗಿಸಿರಬಹುದು. ಬ್ರೌಸರ್ ಕ್ರ್ಯಾಶ್ ಆಗಿರಬಹುದು, ಅಥವಾ ಪುಟವೇ ಬಿಳಿಯಾಗಿ ತೆರೆದಿರಬಹುದು. ಫೋನಿನಲ್ಲಿರುವವರಿಗೆ ಇವೆಲ್ಲಾ ಒಂದೇ. ಅದು ಅವರ ತಪ್ಪೂ ಅಲ್ಲ.

ಅಂಗಡಿ, ಕ್ಲಿನಿಕ್‌ಗಳ ಗೋಡೆಯ ಟಿವಿ ಹಿಂದೆ ಕೂತಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗಳನ್ನು ಬೆಂಗಳೂರಿನಿಂದ ನೋಡಿಕೊಳ್ಳುವುದು ನನ್ನ ಕೆಲಸ. ಕಲಬುರಗಿಯ ಟಿವಿ ನೋಡಲು ರೈಲು ಹತ್ತಲು ಆಗುವುದಿಲ್ಲ ಅಲ್ವಾ. ಕೈಯಲ್ಲಿರುವುದು ಎಸ್‌ಎಸ್‌ಎಚ್ ಮಾತ್ರ, ಅಂದರೆ ದೂರದ ಕಂಪ್ಯೂಟರಿನೊಳಗೆ ಹೋಗಿ ಕಮಾಂಡ್ ಓಡಿಸುವ ದಾರಿ. ಹಾಗಾಗಿ ಪ್ರಶ್ನೆ ಕೇಳುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯುತ್ತೇನೆ.

ಟೀಮಿಗೆ ಹೊಸದಾಗಿ ಬಂದವರು ಎಸ್‌ಎಸ್‌ಎಚ್ ಮಾಡಿ ನೇರವಾಗಿ ಸ್ಕ್ರಾಟ್ ಎಂಬ ಸ್ಕ್ರೀನ್‌ಶಾಟ್ ಕಮಾಂಡ್ ಓಡಿಸುತ್ತಾರೆ. ಡಿಸ್‌ಪ್ಲೇ ತೆರೆಯಲು ಆಗುತ್ತಿಲ್ಲ ಎಂದು ಬೈಸಿಕೊಳ್ಳುತ್ತಾರೆ. ಲಿನಕ್ಸಿನಲ್ಲಿ ವಿಂಡೋಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್‌ನಲ್ಲಿ ಪರದೆಯನ್ನು ನಡೆಸುವುದು ಒಂದು ಸರ್ವರ್. ನಮ್ಮ ಎಸ್‌ಎಸ್‌ಎಚ್ ಸೆಷನ್‌ಗೆ ಆ ಸರ್ವರ್ ಯಾವುದು ಎಂದೇ ತಿಳಿದಿರುವುದಿಲ್ಲ. ಡಿಸ್‌ಪ್ಲೇ ಎಂಬ ವೇರಿಯಬಲ್‌ಗೆ ಕೋಲನ್ ಸೊನ್ನೆ ಎಂದು ಕೊಟ್ಟರೆ ಸಾಮಾನ್ಯವಾಗಿ ಸಾಕು. ಕೆಲವು ಉಬುಂಟು ಯಂತ್ರಗಳಲ್ಲಿ ಅದು ಕೋಲನ್ ಒಂದು. ಊಹಿಸುವ ಬದಲು ಟೆಂಪ್ ಫೋಲ್ಡರಿನಲ್ಲಿ ಅಡಗಿರುವ ಎಕ್ಸ್ 11 ಯುನಿಕ್ಸ್ ಫೋಲ್ಡರ್ ನೋಡಿ. ಅಲ್ಲಿರುವ ಸಾಕೆಟ್ಟಿನ ಹೆಸರಿನಲ್ಲೇ ನಂಬರ್ ಇರುತ್ತದೆ.

ಮನೆ ನಂಬರ್ ಸಿಕ್ಕಿದರೆ ಸಾಲದು, ಬೀಗದ ಕೈಯೂ ಬೇಕು. ಅದು ಎಕ್ಸ್‌ಅಥಾರಿಟಿ ಫೈಲಿನಲ್ಲಿರುವ ಕುಕೀ ಎಂಬ ಗುಟ್ಟಿನ ಸಂಕೇತ. ಡೆಸ್ಕ್‌ಟಾಪಿಗೆ ಲಾಗಿನ್ ಆಗಿರುವ ಯೂಸರ್ ಹೆಸರಿನಲ್ಲೇ ನೀವೂ ಒಳಗೆ ಹೋದರೆ ಇದು ಬಹುತೇಕ ತಾನಾಗಿಯೇ ಸಿಗುತ್ತದೆ. ಸಿಗದಿದ್ದರೆ ಪಿಎಸ್ ಕಮಾಂಡಿನಲ್ಲಿ ಎಕ್ಸ್‌ಆರ್ಗ್ ಪ್ರೊಸೆಸ್‌ನ ಸಾಲು ಓದಿ. 'ಆಥ್' ಎಂಬುದರ ಮುಂದೆ ಆ ಫೈಲಿನ ಪೂರ್ತಿ ಜಾಡು ಬರೆದಿರುತ್ತದೆ. 'ಎಕ್ಸ್‌ಹೋಸ್ಟ್ ಪ್ಲಸ್ ಹೊಡಿ, ಎಲ್ಲಾ ಸರಿ ಹೋಗುತ್ತೆ' ಎಂದು ಹೇಳಿಕೊಡುವವರಿದ್ದಾರೆ. ಮಾಡಬೇಡಿ. ಅದು ಬಾಗಿಲನ್ನೇ ಕಿತ್ತು ಹಾಕುವ ಕೆಲಸ.

ಚಿತ್ರವನ್ನು ಆ ಕಡೆ ಸೇವ್ ಮಾಡುವುದೂ ನನಗೆ ಇಷ್ಟವಿಲ್ಲ. ಮೆಮೊರಿ ಕಾರ್ಡ್ ತುಂಬಿಹೋದದ್ದೇ ತೊಂದರೆಯ ಮೂಲ ಆಗಿರುವುದೂ ಉಂಟು. ಇಮೇಜ್‌ಮ್ಯಾಜಿಕ್ ಎಂಬ ಚಿತ್ರಗಳ ಸಾಫ್ಟ್‌ವೇರ್‌ನ ಇಂಪೋರ್ಟ್ ಕಮಾಂಡಿಗೆ ರೂಟ್ ವಿಂಡೋ (ಅಂದರೆ ಇಡೀ ಪರದೆ) ಬೇಕೆಂದು ಹೇಳಿ, ಫೈಲ್ ಹೆಸರಿನ ಜಾಗದಲ್ಲಿ ಪಿಎನ್‌ಜಿ, ಕೋಲನ್, ಡ್ಯಾಶ್ ಕೊಟ್ಟರೆ ಚಿತ್ರ ಎಸ್‌ಎಸ್‌ಎಚ್ ಒಳಗಿಂದಲೇ ಹರಿದು ಬರುತ್ತದೆ. ಅದನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ಫೈಲಿಗೆ ತಿರುಗಿಸಿಕೊಂಡರೆ ಮುಗಿಯಿತು.

2023ರ ಅಕ್ಟೋಬರ್‌ನಲ್ಲಿ ಬಂದ ರಾಸ್ಪ್‌ಬೆರಿ ಪೈ ಒಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ರಾಸ್ಪ್‌ಬೆರಿ ಪೈ 4 ಮತ್ತು 5ರಲ್ಲಿ ಎಕ್ಸ್ ಬದಲು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಬಂತು. ಇಲ್ಲಿ ಹಳೆಯ ಕಮಾಂಡ್ ಓಡಿಸಿದರೆ ಬರುವುದು ಕಪ್ಪು ಚಿತ್ರ. ಎರರ್ ಬಂದರೆ ವಾಸಿ, ಕಪ್ಪು ಚಿತ್ರ ದಾರಿ ತಪ್ಪಿಸುತ್ತದೆ. ಟಿವಿಯೇ ಕಪ್ಪಾಗಿದೆ ಎಂದು ನಂಬಿಬಿಡುತ್ತೇವೆ. ಒಂದು ಪ್ರೋಗ್ರಾಂ ಇನ್ನೊಂದರ ವಿಂಡೋವನ್ನು ಸುಮ್ನೆ ಇಣುಕಿ ನೋಡಬಾರದು ಎಂಬುದು ವೇಲ್ಯಾಂಡಿನ ಪದ್ಧತಿ. ಪೈನಲ್ಲಿ ಸ್ಕ್ರೀನ್‌ಶಾಟ್ ತೆಗೆಯಲು ಗ್ರಿಮ್ ಎಂಬ ಕಮಾಂಡ್ ಇದೆ. ವೇಲ್ಯಾಂಡ್ ಡಿಸ್‌ಪ್ಲೇಯ ಹೆಸರು ಹೇಳಬೇಕು, ಅದು ಆ ಯೂಸರ್‌ನ ರನ್‌ಟೈಮ್ ಫೋಲ್ಡರಿನಲ್ಲೇ ಕಾಣುತ್ತದೆ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಗ್ರಿಮ್ ನಡೆಯುವುದಿಲ್ಲ.

ಇನ್ನು ಅಸಲಿ ವಿಷಯ. ಸ್ಕ್ರೀನ್‌ಶಾಟ್ ಹೇಳುವುದು ಕಂಪ್ಯೂಟರ್ ಏನು ಬರೆದಿದೆ ಎಂದು. ಟಿವಿ ಏನು ತೋರಿಸುತ್ತಿದೆ ಎಂದಲ್ಲ. ಪ್ಲಗ್ ಕಿತ್ತಿಟ್ಟ ಟಿವಿಗೂ ಚೆಂದದ ಸ್ಕ್ರೀನ್‌ಶಾಟ್ ಬರಬಹುದು. ನನಗೆ ಅದೇ ಜಾಸ್ತಿ ಉಪಯೋಗ. ಇಲ್ಲಿ ಜಾಹೀರಾತು ಸರಿಯಾಗಿ ಕಾಣುತ್ತಿದ್ದರೆ ನಾನು ಪೈ ಮುಟ್ಟುವುದೇ ಇಲ್ಲ. 'ಅಣ್ಣ, ರಿಮೋಟ್‌ನಲ್ಲಿ ಸೋರ್ಸ್ ಬಟನ್ ಒತ್ತಿ ನೋಡಿ' ಎನ್ನುತ್ತೇನೆ. ಉಲ್ಟಾ ಕೂಡ ಆಗುತ್ತದೆ. ಹಳೆಯ ಪೈಗಳಲ್ಲಿ ಒಎಂಎಕ್ಸ್‌ಪ್ಲೇಯರ್ ವಿಡಿಯೋವನ್ನು ಎಕ್ಸ್‌ನ ಮೇಲೆ ಬೇರೆ ಪದರದಲ್ಲಿ ಬಿಡಿಸುತ್ತಿತ್ತು. ಅಂಗಡಿಯಲ್ಲಿ ವಿಡಿಯೋ ಓಡುತ್ತಿದ್ದರೂ ಸ್ಕ್ರಾಟ್ ಚಿತ್ರದಲ್ಲಿ ಅದರ ಹಿಂದಿನ ಖಾಲಿ ಡೆಸ್ಕ್‌ಟಾಪ್ ಮಾತ್ರ. ಅಂಥ ಕಡೆ ಎಲ್ಲಾ ಪದರಗಳನ್ನೂ ಸೇರಿಸಿ ಚಿತ್ರ ತೆಗೆಯುವ ರಾಸ್ಪಿ2ಪಿಎನ್‌ಜಿ ಬಳಸುತ್ತಿದ್ದೆವು.

ವಿಂಡೋಸ್‌ನಲ್ಲಿ ಬೇರೆ ತಲೆನೋವು. ವಿಸ್ಟಾ ಬಂದಾಗಿನಿಂದ ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳು ಸೆಷನ್ ಸೊನ್ನೆಯಲ್ಲಿ, ಕೂತು ಕೆಲಸ ಮಾಡುವವರು ಬೇರೆ ಸೆಷನ್‌ನಲ್ಲಿ. ಎಸ್‌ಎಸ್‌ಎಚ್ ಕೂಡ ಒಂದು ಸರ್ವಿಸ್, ಹಾಗಾಗಿ ಅದರ ಮೂಲಕ ಹೋದವರಿಗೆ ಅವರ ಡೆಸ್ಕ್‌ಟಾಪ್ ಕಾಣುವುದಿಲ್ಲ. ಪಿಎಸ್‌ಎಕ್ಸೆಕ್ ಎಂಬ ಮೈಕ್ರೋಸಾಫ್ಟ್ ಟೂಲ್‌ನಲ್ಲಿ ಆ ಸೆಷನ್ ನಂಬರ್ ಹೇಳಿ ಸ್ಕ್ರೀನ್‌ಶಾಟ್ ಕಮಾಂಡ್ ಓಡಿಸಬೇಕು.

ಇದನ್ನು ನೋಡಿದ ಕೆಲವು ಮಾಲೀಕರು 'ಬಿಲ್ಲಿಂಗ್ ಕಂಪ್ಯೂಟರಿಗೂ ಹಾಕಿಕೊಡಿ, ಹುಡುಗರು ಏನು ಮಾಡ್ತಾರೆ ನೋಡಬೇಕು' ಎಂದು ಕೇಳುತ್ತಾರೆ. ಕಮಾಂಡಿಗೇನು, ಅಲ್ಲೂ ಓಡುತ್ತದೆ. ಆದರೆ ಆ ಪರದೆಯಲ್ಲಿ ಗಿರಾಕಿಗಳ ಫೋನ್ ನಂಬರ್ ಇರುತ್ತದೆ, ಎದುರು ಕೂತವನಿಗೆ ಚಿತ್ರ ತೆಗೆದದ್ದು ಗೊತ್ತೂ ಆಗುವುದಿಲ್ಲ. ಗೋಡೆಯ ಟಿವಿ ಊರಿಗೆಲ್ಲಾ ಕಾಣುವಂಥದ್ದು, ಅದರದ್ದು ತೆಗೆಯುತ್ತೇನೆ. ಬಿಲ್ಲಿಂಗ್ ಕಂಪ್ಯೂಟರಾದರೆ ಮೊದಲು ಅಲ್ಲಿ ಕೂತವರಿಗೆ ಫೋನ್ ಮಾಡಿ ಕೇಳುತ್ತೇನೆ. ಕಾವಲಿಗೆ ಮಾತ್ರ ಹಾಕಿಕೊಡುವುದಿಲ್ಲ.